ಬಹುಮಾನ ಬಾರದ ಹುಡುಗನ ಓದು

'ತಾರೇ ಜಮೀನ್ ಪರ್' ಎಂಬ ಹಿಂದಿ ಚಿತ್ರವನ್ನು ನಮ್ಮ ಭಾಗದಾಗ ನೋಡದವರು ಕಡಿಮೆ. 2007ರ ಡಿಸೆಂಬರ್‌ನಲ್ಲಿ ಬಂದ ಚಿತ್ರ ಅದು. ಆಮೀರ್ ಖಾನ್ ನಿರ್ದೇಶನ ಮಾಡಿ ಮಾಸ್ತರನ ಪಾತ್ರವನ್ನೂ ತಾವೇ ಮಾಡಿದ್ದಾರೆ. ಕಥೆ ಬರೆದವರು ಅಮೋಲ್ ಗುಪ್ತೆ. ಚಿತ್ರದಾಗ ಕಾಣುವ ಬೋರ್ಡಿಂಗ್ ಶಾಲೆ ದೂರದ್ದೇನೂ ಅಲ್ಲ, ನಮ್ಮ ಪಕ್ಕದ ಸಾತಾರಾ ಜಿಲ್ಲೆಯ ಪಂಚಗಣಿಯ ನ್ಯೂ ಇರಾ ಹೈಸ್ಕೂಲು. ವಾಚನಾಲಯದ ಹುಡುಗರು ಪರದೆ ಕಟ್ಟಿ ಇದನ್ನು ತೋರಿಸಿದಾಗ ಅರ್ಧ ಮಂದಿ ಸೆರಗಿನಿಂದ ಕಣ್ಣು ಒರೆಸಿಕೊಂಡರು, ಇನ್ನರ್ಧ ಮಂದಿ ಟವೆಲಿನಿಂದ. ನನಗೂ ಕಣ್ಣೀರು ಬಂತು. ಕಣ್ಣೀರು ಆರಿದ ಮ್ಯಾಲೆ ಒಂದು ಸಿಟ್ಟೂ ಬಂತು. ಆ ಸಿಟ್ಟು ಯಾಕೆ ಅನ್ನೋದನ್ನು ಬರೆದುಕೊಡ್ರಿ ಅಂತ ಈ ಪುಸ್ತಕ ಮಾಡುವವರು ಕೇಳಿದ್ದಕ್ಕೆ ಬರೆಯುತ್ತಿದ್ದೇನೆ.

ನಾನು ಏಳನೇ ಇಯತ್ತೆವರೆಗೆ ಕಲಿತವ. ಹಗಲು ಹೊಲ, ರಾತ್ರಿ ಭಜನೆ, ಜಾತ್ರೆ ಬಂದರೆ ಡೊಳ್ಳಿನ ಪದ. ಸಿನಿಮಾದ ಶಾಸ್ತ್ರ ನನಗೆ ಗೊತ್ತಿಲ್ಲ. ನಾವು ಮೇಳದವರು ಒಂದು ಪದವನ್ನು ಹೆಂಗ ತೂಗಿ ನೋಡುತ್ತೇವೋ ಹಂಗ ಈ ಚಿತ್ರವನ್ನು ನೋಡಿದ್ದೇನೆ. ಎತ್ತುಗಡೆ ಹೆಂಗೈತಿ, ನಡುವಿನ ನುಡಿ ಗಟ್ಟಿ ಅದಾವೇನು, ಮುಕ್ತಾಯ ಸರಿಯಾಗಿ ಕೂತಿತೇನು? ನಮ್ಮ ಪರೀಕ್ಷೆ ಇಷ್ಟೇ.

ಎತ್ತುಗಡೆ ಚೊಲೋ ಐತಿ. ಈಶಾನ್ ಎಂಬ ಎಂಟೊಂಬತ್ತು ವರ್ಷದ ಹುಡುಗ ಮೂರನೇ ಇಯತ್ತೆಯಲ್ಲಿ ನಪಾಸಾಗಿ ಮತ್ತೆ ಅಲ್ಲೇ ಕೂತಿದ್ದಾನೆ. ಅಣ್ಣ ಎಲ್ಲದರಾಗೂ ಮುಂದು. ತಮ್ಮನ ಕಣ್ಣಿಗೆ ಮಾತ್ರ ಅಕ್ಷರ ಕುಣಿಯುತ್ತವೆ. ಅಪ್ಪ ಇದನ್ನು ಸೊಕ್ಕು, ಮೈಗಳ್ಳತನ ಅಂದುಕೊಂಡು ಬೋರ್ಡಿಂಗಿಗೆ ಹಾಕುತ್ತಾನೆ. ಅಲ್ಲಿಗೆ ನಿಕುಂಭ ಎಂಬ ಚಿತ್ರಕಲೆ ಮಾಸ್ತರ ಬರುತ್ತಾನೆ. ಸಣ್ಣಂದಿನಲ್ಲಿ ತಾನೂ ಇದೇ ತೊಡಕು ಉಂಡವ. ಅವನು ಹುಡುಗನ ಮನೆಗೆ ಹೋಗಿ, ಅಪ್ಪನ ಕೈಗೆ ಪರಭಾಷೆಯ ಅಕ್ಷರ ಇರುವ ಒಂದು ಡಬ್ಬಿ ಕೊಟ್ಟು ಓದು ಅನ್ನುತ್ತಾನಲ್ಲ, ಇಡೀ ಚಿತ್ರದಾಗ ನನ್ನ ಮನಸ್ಸಿಗೆ ಹತ್ತಿದ ಜಾಗ ಅದು. ಅಪ್ಪನಿಗೆ ಓದಲಿಕ್ಕೆ ಬರೋದಿಲ್ಲ. ಓದೋದಿಲ್ಲ ಅಂದರೆ ನೀನು ಉದ್ಧಟ ಅಂತ ಮಾಸ್ತರ ಅವನ ಮಾತನ್ನೇ ಅವನಿಗೆ ತಿರುಗಿಸುತ್ತಾನೆ. ಹತ್ತು ಭಾಷಣ ಮಾಡುವ ಕೆಲಸವನ್ನು ಒಂದು ಡಬ್ಬಿ ಮಾಡಿತು.

ಈ ತೊಡಕಿಗೆ ಡಿಸ್ಲೆಕ್ಸಿಯಾ ಅಂತಾರೆ. ಕಣ್ಣು ಸರಿ, ಕಿವಿ ಸರಿ, ಬುದ್ಧಿ ಸರಿ. ಅಕ್ಷರಕ್ಕೂ ಅದರ ಸಪ್ಪಳಕ್ಕೂ ಗಂಟು ಹಾಕುವ ಕೆಲಸ ಮಾತ್ರ ತಲೆಯೊಳಗೆ ತಡವಾಗುತ್ತದೆ. ಚಿತ್ರದಾಗ ಇಂಗ್ಲಿಷ್ ಅಕ್ಷರದ ಪೇಚಾಟ ತೋರಿಸಿದ್ದಾರೆ. ನಮ್ಮ ಗಡಿಯ ಮಕ್ಕಳಿಗೆ ಮನೆಯಾಗ ಕನ್ನಡ, ಶಾಲೆಯಾಗ ಮರಾಠಿ, ಮ್ಯಾಲೆ ಇಂಗ್ಲಿಷ್. ಜತ್ತ ತಾಲೂಕಿನ ಕನ್ನಡ ಶಾಲೆಯ ಮಕ್ಕಳಿಗೂ ಅದೇ ಮೂರು ಲಿಪಿ, ಸರತಿ ಬೇರೆ ಅಷ್ಟೇ. ಮರಾಠಿಯಲ್ಲಿ 'ಕಿ' ಬರೆಯುವಾಗ ಮೊದಲನೇ ವೇಲಾಂಟಿ ಅಕ್ಷರಕ್ಕಿಂತ ಮುಂಚೆ ಬಂದು ನಿಲ್ಲುತ್ತದೆ, ಬಾಯಲ್ಲಿ ಮಾತ್ರ ಆಮೇಲೆ ಬರುತ್ತದೆ. ಕನ್ನಡದ 'ಸೂರ್ಯ' ನೋಡ್ರಿ. ಬಾಯಿ ರಕಾರವನ್ನು ಮೊದಲು ಅನ್ನುತ್ತದೆ, ಕಾಗದದ ಮ್ಯಾಲೆ ಯಕಾರ ಮೊದಲು, ಅರ್ಕಾವತ್ತು ಆಮೇಲೆ. ದ, ಧ, ಥ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ವ, ಪ, ಷ ಹಂಗೇ. ನಾವು ಕಲಿತು ಮರೆತ ಈ ತಿರುವುಗಳಲ್ಲಿ ಅಂಥ ಹುಡುಗ ದಿನಾ ಎಡವುತ್ತಾನೆ. ಇಂಗ್ಲಿಷಿನಾಗ ಬರೆಯೋದೊಂದು, ಅನ್ನೋದೊಂದು. ಕನ್ನಡದಾಗ ಬರೆದದ್ದನ್ನೇ ಅನ್ನೋದು. ಅದಕ್ಕೇ ನಮ್ಮ ಮಕ್ಕಳ ತೊಡಕು ತಪ್ಪಿಗಿಂತ ಹೆಚ್ಚಾಗಿ ನಿಧಾನದಲ್ಲಿ ಕಾಣುತ್ತದೆ. ಸಾಲಿನ ತುದಿ ಮುಟ್ಟುವುದರೊಳಗೆ ಸಾಲಿನ ತಲೆ ಮರೆತಿರುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ನಿಧಾನ ಓದುವ ಮಕ್ಕಳಿಗೆಲ್ಲ ಈ ಹೆಸರು ಅಂಟಿಸಬಾರದು. ಕಬ್ಬು ಕಡಿಯಲಿಕ್ಕೆ ಹೋದ ತಾಯಿತಂದೆ ಕೂಡ ಅರ್ಧ ವರ್ಷ ಊರು ಬಿಟ್ಟ ಹುಡುಗ ಹಿಂದೆ ಬೀಳುತ್ತಾನೆ. ಚಷ್ಮಾ ಬೇಕಾದ ಹುಡುಗಿ ಹಿಂದೆ ಬೀಳುತ್ತಾಳೆ. ಬೆಂಗಳೂರಿನಲ್ಲಿ ಸೊನಾಲಿ ನಾಗ್ ಎಂಬುವವರು ಕನ್ನಡ ಮಕ್ಕಳ ಓದನ್ನು ಅಭ್ಯಾಸ ಮಾಡಿ, ನಮ್ಮ ಅಕ್ಷರ, ಕಾಗುಣಿತ, ಒತ್ತು ಎಲ್ಲ ಕೂಡಿ ಬರಲಿಕ್ಕೆ ಸಾದಾ ಮಕ್ಕಳಿಗೂ ನಾಲ್ಕನೇ ಇಯತ್ತೆ ದಾಟಿ ಸಮಯ ಹಿಡಿಯುತ್ತದೆ ಅಂತ 2007ರಲ್ಲೇ ಬರೆದಿದ್ದಾರೆ. ಆದ್ದರಿಂದ ಎರಡನೇ ಇಯತ್ತೆಯ ಕೂಸಿಗೆ ಹೆಸರಿಡಲಿಕ್ಕೆ ಅವಸರ ಬೇಡ. ಹಂಗಂತ ಎಂಟನೇ ಇಯತ್ತೆವರೆಗೂ ಸುಮ್ಮನೆ ಕೂಡೋದೂ ಸರಿ ಅಲ್ಲ. ಮಾನೇಸರದ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರದವರು 'ಡಾಲಿ' ಎಂಬ ಪರೀಕ್ಷೆ ಮಾಡಿದ್ದಾರೆ. ಅದು ಹಿಂದಿ, ಇಂಗ್ಲಿಷ್ ಅಷ್ಟೇ ಅಲ್ಲ, ಮರಾಠಿ ಮತ್ತು ಕನ್ನಡದಾಗೂ ಐತಿ. ನಮ್ಮ ಎರಡೂ ಭಾಷೆ ಒಂದೇ ಚೀಲದಾಗ ಸಿಗುವಂಥ ಇಂಥದ್ದು ಅಪರೂಪ, ಮಾಸ್ತರರು ಗಮನಿಸಬೇಕು.

ಇನ್ನು ಚಿತ್ರದ ನಡುವಿನ ನುಡಿ. ನಿಕುಂಭ ಮಾಸ್ತರ ಹುಡುಗನಿಗೆ ಉಸುಕಿನ ಮ್ಯಾಲೆ ಅಕ್ಷರ ಬರೆಸುತ್ತಾನೆ, ಮಣ್ಣು ಕಲಸಿ ಆಕಾರ ಮಾಡಿಸುತ್ತಾನೆ, ಮೆಟ್ಟಿಲು ಹತ್ತಿಸಿ ಇಳಿಸಿ ಕೂಡಿಸುವ ಕಳೆಯುವ ಲೆಕ್ಕ ಕಲಿಸುತ್ತಾನೆ. ಇದೆಲ್ಲ ಖರೆ ದಾರಿ. ನಮ್ಮಜ್ಜಂದಿರೂ ಉಸುಕಿನ ಮ್ಯಾಲೇ ತಿದ್ದಿದವರು. ನನ್ನ ತಕರಾರು ಏನಂದರೆ, ಇಷ್ಟೂ ಕಲಿಕೆ ಒಂದು ಹಾಡಿನೊಳಗೆ ಮುಗಿದುಹೋಗುತ್ತದೆ. ಹಾಡು ಶುರುವಾದಾಗ ಓದು ಬಾರದವ, ಹಾಡು ಮುಗಿದಾಗ ಓದುವವ. ದ್ರಾಕ್ಷಿ ಬಾಗ ಮಾಡಿದವರನ್ನು ಕೇಳ್ರಿ. ಅಕ್ಟೋಬರ್ ಛಾಟಣಿ ಆದ ಮ್ಯಾಲೆ ಗೊನೆ ಕೈಗೆ ಬರಲಿಕ್ಕೆ ನಾಲ್ಕು ತಿಂಗಳು ಬೇಕು. ಬಳ್ಳಿಗೇ ಅಷ್ಟು ಬೇಕಾದರೆ ಹುಡುಗನಿಗೆ ಎಷ್ಟು ಬೇಕು? ಈ ತೊಡಕು ಇದ್ದವರಿಗೆ ವರ್ಷಗಟ್ಟಲೆ ಹಿಡಿಯುತ್ತದೆ. ದೊಡ್ಡವರಾದ ಮ್ಯಾಲೂ ನಿಧಾನ ಉಳಿಯುತ್ತದೆ.

ಚಿತ್ರ ಕೇಳದೆ ಬಿಟ್ಟ ಪ್ರಶ್ನೆ ಇಲ್ಲೇ ಐತಿ. ಓದು ಕುದುರುವವರೆಗಿನ ಆ ನಾಲ್ಕೈದು ವರ್ಷ ಹುಡುಗ ಏನು ಮಾಡಬೇಕು? ಇತಿಹಾಸದ ಪುಸ್ತಕ ಕಾಯೋದಿಲ್ಲ. ವಿಜ್ಞಾನ ಕಾಯೋದಿಲ್ಲ. ಅಕ್ಷರದ ಬಾಗಿಲು ತೆರೆಯಲಿಲ್ಲ ಅಂತ ಉಳಿದ ಜ್ಞಾನವನ್ನೂ ಹೊರಗೇ ನಿಲ್ಲಿಸಿದರೆ, ಒಂದು ತೊಡಕು ಇದ್ದವನಿಗೆ ಹತ್ತು ತೊಡಕು ನಾವೇ ಮಾಡಿಕೊಟ್ಟಂಗ ಆಗುತ್ತದೆ.

ಮುಕ್ತಾಯಕ್ಕೆ ಬರೋಣ. ನನ್ನ ಸಿಟ್ಟು ಇರೋದು ಅಲ್ಲಿ. ಕಡೆಗೆ ಶಾಲೆಯಲ್ಲಿ ಚಿತ್ರ ಬರೆಯುವ ಸ್ಪರ್ಧೆ ನಡೆದು ಈಶಾನ್ ಗೆಲ್ಲುತ್ತಾನೆ. ಅವನ ಚಿತ್ರ ಶಾಲೆಯ ವಾರ್ಷಿಕ ಪುಸ್ತಕದ ರಕ್ಷಾಪುಟಕ್ಕೆ ಬರುತ್ತದೆ. ಚಪ್ಪಾಳೆ. ನೋಡಿದವರು ಏನು ಕಲಿತುಕೊಂಡು ಮನೆಗೆ ಹೋದರು? ಓದು ಬಾರದ ಹುಡುಗನೊಳಗೆ ಯಾವುದೋ ಒಂದು ದೊಡ್ಡ ಕಲೆ ಅಡಗಿರುತ್ತದೆ, ಅದು ಹೊರಗೆ ಬಂದರೆ ಎಲ್ಲ ಸರಿಹೋಗುತ್ತದೆ ಅಂತ. ಕೇಳಲಿಕ್ಕೆ ಸವಿ ಐತಿ. ಆದರೆ ಇದರೊಳಗೆ ಒಂದು ಕರಾರು ಅಡಗಿದೆ. ನೀನು ಓದದಿದ್ದರೂ ನಡೆಯುತ್ತದೆ, ಅದರ ಬದಲಿಗೆ ಬಹುಮಾನ ತಂದುಕೊಡು ಅನ್ನೋ ಕರಾರು. ಬಹುಮಾನ ತರದವನ ಗತಿ ಏನು?

ನಮ್ಮ ಓಣಿಯಲ್ಲಿ ಅಂಥ ಒಬ್ಬ ಹುಡುಗ ಇದ್ದಾನೆ. ಹೆಸರು ಬರೆಯೋದಿಲ್ಲ. ಈಗ ಏಳನೇ ಇಯತ್ತೆ. ಅವನಿಗೆ ಚಿತ್ರ ಬರೋದಿಲ್ಲ. ಅವನ ತಾಯಿ ಹಾಡಾದರೂ ಕಲಿಯಲಿ ಅಂತ ನಮ್ಮ ಮೇಳಕ್ಕೆ ಕಳಿಸಿದಳು. ಕೈಗೆ ತಾಳ ಕೊಟ್ಟರೆ ಮೂರನೇ ಪೆಟ್ಟಿಗೇ ತಪ್ಪುತ್ತಾನೆ, ದನಿ ಕೇಳಿದರೆ ಹಾರ್ಮೋನಿಯಂ ಬಾರಿಸುವವ ನಗುತ್ತಾನೆ. ಓಟದಲ್ಲಿ ಮುಂದಿಲ್ಲ, ಕುಸ್ತಿಯಲ್ಲಿ ಇಲ್ಲ. ಅವನು ಎಲ್ಲರ ಹಾಗೆ ಒಬ್ಬ ಹುಡುಗ. ಅವನ ಅಕ್ಕ ಪಾಠ ಒಂದು ಸಲ ಓದಿ ಹೇಳಿದರೆ ತಿರುಗಿ ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಿದ್ದ. ಶಿವಾಜಿ ಮಹಾರಾಜರ ಆಗ್ರಾದ ಪಾಠ, ಬೇರು ನೀರು ಹೀರುವ ಪಾಠ, ಯಾವುದು ಕೇಳಿದರೂ ಸೈ. ಅದೇ ಪ್ರಶ್ನೆ ಕಾಗದದ ಮ್ಯಾಲೆ ಬಂದರೆ ಒಂದು ತಾಸಿಗೆ ನಾಲ್ಕು ಸಾಲು. ಅಕ್ಕ ನರ್ಸಿಂಗ್ ಕಲಿಯಲಿಕ್ಕೆ ಹಾಸ್ಟೆಲಿಗೆ ಹೋದಳು. ಹೋಗುವಾಗ ತಮ್ಮನಿಗೆ ಫೋನಿನಾಗ ಒಂದು ಉಪಾಯ ಮಾಡಿಕೊಟ್ಟಳು. ಪುಟದ ಫೋಟೋ ತೆಗೆದರೆ ಫೋನು ಓದಿ ಹೇಳುತ್ತದೆ, ಬಾಯಲ್ಲಿ ಹೇಳಿದರೆ ಬರೆದುಕೊಳ್ಳುತ್ತದೆ. ಮೂರು ತಿಂಗಳು ಹುಡುಗ ಖುಷಿಯಿಂದ ಓದಿದ. ಹೌದು, ಓದಿದ ಅಂತಲೇ ಬರೆಯುತ್ತೇನೆ. ಅದನ್ನು ಶಾಲೆಗೆ ಒಯ್ದಾಗ, "ಇದು ನಕಲು, ಕೇಳೋದು ಓದಲ್ಲ" ಅಂತ ತಿರುಗಿ ಕಳಿಸಿದರು. ಈಗ ಅವನ ಅಪ್ಪ, ಹದಿನಾಲ್ಕು ತುಂಬಲಿ, ಎಂಐಡಿಸಿಯಾಗ ಪರಿಚಯದವರ ವರ್ಕ್‌ಶಾಪಿಗೆ ಹಚ್ಚುತ್ತೇನೆ ಅಂತಾನೆ.

ಕೇಳೋದು ಓದಲ್ಲ ಅನ್ನೋ ಮಾತು ನನ್ನಂಥವನಿಗೆ ಚುಚ್ಚುತ್ತದೆ. ನಮ್ಮ ಊರುಗಳಲ್ಲಿ ಶ್ರಾವಣದಾಗ ಪುರಾಣ ಹಚ್ಚುತ್ತಿದ್ದರು. ಓದುವವ ಒಬ್ಬ, ಅರ್ಥ ಹೇಳುವವ ಒಬ್ಬ, ಕೇಳುವವರು ನೂರು ಮಂದಿ. ಆ ನೂರು ಮಂದಿಯನ್ನು ನಕಲು ಮಾಡುವವರು ಅಂತ ಯಾರೂ ಅನ್ನಲಿಲ್ಲ. ಬೀಸುಕಲ್ಲಿನ ಮುಂದೆ ಕೂತು ಹಾಡಿದ ಹೆಣ್ಣುಮಕ್ಕಳು, ಕಣದಲ್ಲಿ ಹಂತಿ ಹೂಡಿ ರಾತ್ರಿ ಬೆಳಗು ಮಾಡಿದ ಹಾಡುಗಾರರು ಎಷ್ಟು ಮಂದಿ ಸಹಿ ಮಾಡಲಿಕ್ಕೂ ಬಾರದವರಿದ್ದರು! ನಮ್ಮ ಮೇಳದ ಹಿರಿಯರು ವಹಿ ನೋಡಿದವರಲ್ಲ. ಕಿವಿಯಿಂದ ಒಳಗೆ ಹೋದದ್ದು ಬಾಯಿಂದ ಹೊರಗೆ ಬಂತು. ಈ ಬರಹದಾಗ ಬರುವ ಕಾಯದೆ, ಸಂಶೋಧನೆ ಎಲ್ಲವನ್ನೂ ವಾಚನಾಲಯದಲ್ಲಿ ಒಬ್ಬ ಮಾಸ್ತರರು ಓದಿ ಹೇಳಿದ್ದು, ನಾನು ಕೇಳಿಕೊಂಡಿದ್ದು.

ಆ ಮಾಸ್ತರರು ಓದಿ ಹೇಳಿದ ಒಂದು ಹಳೇ ಸಂಗತಿ ಕೇಳ್ರಿ. 1896ರಲ್ಲಿ ಇಂಗ್ಲೆಂಡಿನ ಪ್ರಿಂಗಲ್ ಮಾರ್ಗನ್ ಎಂಬ ಡಾಕ್ಟರು ಪರ್ಸಿ ಎಂಬ 14 ವರ್ಷದ ಹುಡುಗನ ಬಗ್ಗೆ ಬರೆದರು. ಈ ತೊಡಕಿನ ಬಗ್ಗೆ ಡಾಕ್ಟರ ಪತ್ರಿಕೆಯಲ್ಲಿ ಬಂದ ಮೊದಮೊದಲ ಬರಹಗಳಲ್ಲಿ ಅದು ಒಂದು. ಹುಡುಗ ಚುರುಕು, ಲೆಕ್ಕ ಬರುತ್ತದೆ, ಓದು ಮಾತ್ರ ಬರೋದಿಲ್ಲ. ಅವನಿಗೆ ಕಲಿಸಿದ ಮಾಸ್ತರ ಡಾಕ್ಟರಿಗೆ ಹೇಳಿದ್ದು ಏನಂದರೆ, ಎಲ್ಲ ಪಾಠ ಬಾಯಿಂದಲೇ ನಡೆದಿದ್ದರೆ ಇಡೀ ಶಾಲೆಯಲ್ಲಿ ಇವನೇ ಜಾಣ ಆಗುತ್ತಿದ್ದ ಅಂತ. ಸರಿಯಾಗಿ ನೂರು ವರ್ಷ ಬಿಟ್ಟು, 1996ರಲ್ಲಿ ನಮ್ಮ ಮಹಾರಾಷ್ಟ್ರ ಸರ್ಕಾರ ಇಂಥ ಮಕ್ಕಳಿಗೆ ಪರೀಕ್ಷೆಯಲ್ಲಿ ಸವಲತ್ತು ಕೊಟ್ಟಿತು. ಚಿತ್ರದ ನಿಕುಂಭ ಮಾಸ್ತರನೂ ಪ್ರಿನ್ಸಿಪಾಲರ ಮುಂದೆ ಇದನ್ನೇ ಬೇಡುತ್ತಾನೆ. ಸದ್ಯಕ್ಕೆ ಇವನ ಅಕ್ಷರದ ತಪ್ಪು ನೋಡಬೇಡ್ರಿ, ಬಾಯಿಂದ ಉತ್ತರ ತಗೊಳ್ರಿ ಅಂತ. ಚಿತ್ರದಾಗ ಅದು ಎರಡು ನಿಮಿಷದ ಮಾತು. ನನ್ನ ಕೈಯಲ್ಲಿ ಇದ್ದಿದ್ದರೆ ಮುಕ್ತಾಯಕ್ಕೆ ಅದನ್ನೇ ಇಡುತ್ತಿದ್ದೆ. ಗೆಲ್ಲದ ಹುಡುಗನೊಬ್ಬ ಬಾಯಿಂದ ಉತ್ತರ ಹೇಳಿ ಪಾಸಾಗಿ ನಾಲ್ಕನೇ ಇಯತ್ತೆಗೆ ಹೋದ ಅಂತ.

2007ರಲ್ಲಿ ಚಿತ್ರ ಮಾಡಿದವರ ಕೈಯಲ್ಲಿ ಇಲ್ಲದ ಸಾಮಾನು ಇವತ್ತು ನಮ್ಮ ಕಿಸೆಯಲ್ಲಿ ಇದೆ. 2017ರಲ್ಲಿ ಗೂಗಲ್‌ನವರು ಕನ್ನಡ ಮತ್ತು ಮರಾಠಿಯಲ್ಲಿ ಮಾತಾಡಿ ಬರೆಸುವ ಸೌಕರ್ಯ ತಂದರು. ಫೋನು ಓದಿ ಹೇಳುವ ದನಿಯೂ ಎರಡೂ ಭಾಷೆಯಲ್ಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಜಿ. ರಾಮಕೃಷ್ಣನ್ ಅವರ ಬಳಗ ಅಚ್ಚಾದ ಕನ್ನಡ ಪುಟವನ್ನು ಗುರುತಿಸುವ 'ಲಿಪಿ ಜ್ಞಾನಿ' ಮಾಡಿದೆ. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಅಂತ ನಾವು ಬೈಯುತ್ತೇವಲ್ಲ, ಈ ಕೆಲಸಕ್ಕೆ ಅಂಥ ದಾಸನೇ ಬೇಕು. ಹತ್ತು ಸಲ ಕೇಳಿದರೂ ಬೇಸರಿಲ್ಲ, ಸಿಟ್ಟಿಲ್ಲ, "ಇಷ್ಟೂ ತಿಳಿಯೋದಿಲ್ಲೇನು" ಅನ್ನೋದಿಲ್ಲ.

ಯಂತ್ರದ ದೋಷವನ್ನೂ ಹೇಳಬೇಕು, ಇಲ್ಲದಿದ್ದರೆ ಇದು ಜಾಹಿರಾತು ಆಗುತ್ತದೆ. ಫೋನಿನ ದನಿಗೆ ಉಸಿರು ಎಲ್ಲಿ ಬಿಡಬೇಕು ಗೊತ್ತಿಲ್ಲ. ಪದ್ಯವನ್ನು ಬಾಜಾರದ ಯಾದಿ ಓದಿದಂಗ ಓದುತ್ತದೆ. ನಮ್ಮ ಹುಡುಗ "ಹೋಗೂಣು ಬಾ" ಅಂದರೆ ಬೇರೆ ಏನೋ ಬರೆದುಕೊಳ್ಳುತ್ತದೆ, ಗಡಿಯ ಮಾತು ಅದರ ಕಿವಿಗೆ ಇನ್ನೂ ಬಿದ್ದಿಲ್ಲ. ನುಡಿ, ಶ್ರೀಲಿಪಿಯಂಥ ಹಳೇ ಪದ್ಧತಿಯಲ್ಲಿ ಟೈಪು ಮಾಡಿದ ಪಾಠ ಕಣ್ಣಿಗೆ ಕನ್ನಡ, ಯಂತ್ರಕ್ಕೆ ಮಾತ್ರ ಕಲಸುಮೇಲೋಗರ. ಹಂಗಾಗಿ ಪ್ರಶ್ನೆಪತ್ರಿಕೆ, ಟಿಪ್ಪಣಿ ತಯಾರು ಮಾಡುವ ಮಾಸ್ತರರು ಯುನಿಕೋಡ್‌ನಲ್ಲಿ ಟೈಪು ಮಾಡಿದರೆ ಅಷ್ಟೇ ದೊಡ್ಡ ಉಪಕಾರ. ಇನ್ನೊಂದು ಮಾತು. ಯಂತ್ರ ಬಂತು ಅಂತ ಅಕ್ಷರ ಕಲಿಸೋದು ಬಿಟ್ಟರೆ ಅದು ಹುಡುಗನಿಗೆ ಮಾಡಿದ ದ್ರೋಹ. ಕಿವಿ ಕೇಳುವಾಗ ಬೆರಳು ಸಾಲಿನ ಮ್ಯಾಲೆ ಇರಬೇಕು, ಕಣ್ಣು ಬೆರಳಿನ ಹಿಂದೆ ಹೋಗಬೇಕು. ಉಸುಕಿನ ಅಕ್ಷರವೂ ಬೇಕು, ಕಿವಿಯ ಓದೂ ಬೇಕು. ಮುಮ್ಮೇಳ ಒಂದೇ ಹಾಡಿದರೆ ದಣಿಯುತ್ತದೆ, ಹಿಮ್ಮೇಳ ಎತ್ತಿಕೊಟ್ಟರೆ ಪದ ಸಾಗುತ್ತದೆ.

ಕೆಲವು ಮಾಸ್ತರರು ಕೇಳುತ್ತಾರೆ, ಒಬ್ಬನಿಗೆ ಕೊಟ್ಟರೆ ಉಳಿದವರಿಗೆ ಅನ್ಯಾಯ ಅಲ್ಲೇನು ಅಂತ. ಪ್ರಶ್ನೆ ಸಣ್ಣದಲ್ಲ. ಒಂದು ವರ್ಗದಾಗ ಐವತ್ತು ಮಕ್ಕಳು, ಒಂದು ಫೋನು ಬಿಟ್ಟರೆ ಹತ್ತು ಫೋನು ಬರುತ್ತವೆ, ಆಟ ಶುರುವಾಗುತ್ತದೆ ಅನ್ನೋ ಹೆದರಿಕೆಯೂ ಸುಳ್ಳಲ್ಲ. ಆದರೆ ಚಷ್ಮಾ ಹಾಕಿದ ಹುಡುಗಿಗೆ ಚಷ್ಮಾ ತೆಗೆದು ಪರೀಕ್ಷೆ ಬರಿ ಅಂತ ನಾವು ಹೇಳೋದಿಲ್ಲ. ಕಾಯದೆಯೂ ಸ್ಪಷ್ಟ ಐತಿ. 1995ರ ಅಂಗವಿಕಲರ ಕಾಯದೆಯಲ್ಲಿ ಏಳು ಬಗೆ ಇದ್ದವು, ಓದಿನ ತೊಡಕು ಇರಲಿಲ್ಲ. 2016ರ ಹೊಸ ಕಾಯದೆಯಲ್ಲಿ 21 ಬಗೆ ಆದವು, ಅದರಾಗ ಇದೂ ಸೇರಿತು. ಶಾಲೆಗಳು ಈ ತೊಡಕನ್ನು ಬೇಗನೆ ಗುರುತಿಸಿ ತಕ್ಕ ಕ್ರಮ ತಗೋಬೇಕು ಅಂತ ಅದರ 16ನೇ ಕಲಮು ಹೇಳುತ್ತದೆ. ಶೇಕಡಾ 40ಕ್ಕಿಂತ ಕಡಿಮೆ ಇಲ್ಲದ ತೊಡಕು ಇದ್ದ ಮಕ್ಕಳಿಗೆ 18 ವರ್ಷದವರೆಗೆ ಪುಸ್ತಕ, ಸಹಾಯಕ ಸಾಧನ ಪುಕ್ಕಟೆ ಕೊಡಬೇಕು ಅಂತ 17ನೇ ಕಲಮು ಹೇಳುತ್ತದೆ. 2018ರ ಕೇಂದ್ರದ ಮಾರ್ಗಸೂಚಿ ಪ್ರಕಾರ ಅಂಥವರಿಗೆ ಪರೀಕ್ಷೆಯಲ್ಲಿ ತಾಸಿಗೆ 20 ನಿಮಿಷ ಹೆಚ್ಚು, ಮೂರು ತಾಸಿನ ಪರೀಕ್ಷೆಗೆ ಒಂದು ತಾಸು. ಪ್ರಮಾಣಪತ್ರ 8 ವರ್ಷ ತುಂಬಿದ ಮ್ಯಾಲೆ ಸಿಗುತ್ತದೆ, 14ಕ್ಕೆ ಮತ್ತು 18ಕ್ಕೆ ಮತ್ತೆ ಮಾಡಿಸಬೇಕು. ಆದ್ದರಿಂದ ಮಾಸ್ತರರು ದಯೆ ತೋರಿಸ್ರಿ ಅಂತ ನಾನು ಕೇಳುತ್ತಿಲ್ಲ. ಇದ್ದ ಹಕ್ಕಿನ ಬಾಗಿಲಿಗೆ ಅಡ್ಡ ನಿಲ್ಲಬೇಡ್ರಿ ಅಂತ ಕೇಳುತ್ತಿದ್ದೇನೆ.

ಪ್ರಮಾಣಪತ್ರಕ್ಕೆ ದವಾಖಾನೆ ತಿರುಗಾಡಲಿಕ್ಕೆ ದಿನಗೂಲಿಯವನಿಗೆ ಕೂಲಿ ಮುರಿಯುತ್ತದೆ, ಗೊತ್ತು. ಅಲ್ಲಿವರೆಗೆ ನಾವು ಮಾಡಬಹುದಾದ ಒಂದು ಕೆಲಸ ಐತಿ. 2012ರ ತಿದ್ದುಪಡಿ ಆದ ಮ್ಯಾಲೆ, ಅಚ್ಚಿನ ಪುಸ್ತಕ ಓದಲಾಗದ ಅಂಗವಿಕಲರಿಗೆ ಅಂತ ಪುಸ್ತಕವನ್ನು ದನಿಯ ರೂಪಕ್ಕೆ ತರಲಿಕ್ಕೆ ಕಾಪಿರೈಟ್ ಕಾಯದೆ ಅವಕಾಶ ಕೊಟ್ಟಿದೆ. ಇದೇ ಕೆಲಸದ ಮರಾಕೇಶ್ ಒಪ್ಪಂದಕ್ಕೆ 2014ರಲ್ಲಿ ಇಡೀ ಜಗತ್ತಿನಲ್ಲಿ ಮೊದಲು ಮಂಜೂರಾತಿ ಕೊಟ್ಟ ದೇಶ ನಮ್ಮದೇ. ಪುಣೆಯ ಬಾಲಭಾರತಿಯವರು ಮರಾಠಿ ಪುಸ್ತಕದ ಜೊತೆಗೆ ನಮ್ಮ ಕನ್ನಡ ಶಾಲೆಯ ಪುಸ್ತಕವನ್ನೂ ಅಚ್ಚು ಮಾಡುತ್ತಾರೆ. ಆ ಪಾಠಗಳನ್ನು ಮನುಷ್ಯರ ದನಿಯಲ್ಲಿ, ಉಸಿರು ಬಿಡುವಲ್ಲಿ ಬಿಟ್ಟು, ಪದ್ಯವನ್ನು ಪದ್ಯದ ಹಾಗೇ ಓದಿ ಇಂಥ ಮಕ್ಕಳಿಗಾಗಿ ಫೋನಿನಾಗ ತುಂಬಿಡಬಹುದು. ನಮ್ಮ ಮೇಳದಾಗ ಐದು ಮಂದಿ ಒಪ್ಪಿದ್ದಾರೆ. ಗದ್ಯ ಓದಲಿಕ್ಕೆ ಇಬ್ಬರು ಅಕ್ಕೋರು ಬರುತ್ತೇನೆ ಅಂದಿದ್ದಾರೆ. ಪದ್ಯ ನನಗೆ ಬಿಡ್ರಿ. ವಾರಕ್ಕೆ ಎರಡು ರಾತ್ರಿ ವಾಚನಾಲಯದ ಒಳಕೋಣೆ, ಪಂಖಾ ಬಂದ್, ಬಾಗಿಲು ಮುಚ್ಚಿ. ಖರ್ಚು ಚಹಾದ್ದು ಮಾತ್ರ.

ಏಳನೇ ಇಯತ್ತೆಯ ಇತಿಹಾಸದಿಂದ ಶುರು ಮಾಡಬೇಕು ಅಂತ ಇದ್ದೇವೆ. ಆ ಹುಡುಗನ ಅಪ್ಪನಿಗೆ ಬರುವ ಜೂನ್‌ವರೆಗೆ ತಡಿಯಪ್ಪಾ ಅಂದಿದ್ದೇನೆ. "ನೋಡೂಣ ಕಾಕಾ" ಅಂದಾನೆ. ಅವನ ಶಾಲೆಯವರು ಕಿವಿಗೆ ಹಚ್ಚುವ ಒಂದು ವೈರಿಗೆ ಒಪ್ಪಿಗೆ ಕೊಡುತ್ತಾರೋ ಇಲ್ಲೋ, ಅದರ ಮ್ಯಾಲೆ ಉಳಿದದ್ದು ನಿಂತೈತಿ.